ಒಂದೇ ಕೈಯ ಕುದುರೆ

ಗಂಗಾಧರಸ್ವಾಮಿ ಯಾರನ್ನೂ ನಂಬುವುದಿಲ್ಲ ಎಂದರೆ ಅದೇನೂ ಅವನ ಬೆನ್ನ ಹಿಂದೆ ಆಡುವ ಮಾತಾಗಿರಲಿಲ್ಲ. ಅವನೇ ಎದೆ ತಟ್ಟಿಕೊಂಡು ಹೇಳಿಕೊಳ್ಳುತ್ತಿದ್ದ. ನಂಜನಗೂಡಿನಲ್ಲಿ ಭತ್ತ, ರಾಗಿ, ಹುರುಳಿಯ ಮಂಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಬೇರೆ ವ್ಯಾಪಾರಿಗಳು ಹತ್ತು ಮೂಟೆಗೊಂದನ್ನು ಚುಚ್ಚಿ ಕಾಳು ನೋಡಿದರೆ ಇವನು ನೂರಕ್ಕೆ ನೂರನ್ನೂ ಚುಚ್ಚುತ್ತಿದ್ದ. ಕೊಂಡ ಮೂಟೆಯ ಬಾಯಿಗೆ ತನ್ನದೇ ಒಂದು ಗಂಟು ಹಾಕುತ್ತಿದ್ದ. ಅದನ್ನು ಬಿಚ್ಚಿದವರಿಗೆ ಮತ್ತೆ ಹಾಗೆಯೇ ಕಟ್ಟಲು ಬರುತ್ತಿರಲಿಲ್ಲ. ಹೆಂಡತಿ ಮಧುಶ್ರೀ ಪಕ್ಕದ ಬೀದಿಯ ಟೈಲರ್ ಅಂಗಡಿಗೆ ಹೋಗಿಬಂದರೂ ಎಷ್ಟೊತ್ತಿಗೆ ಹೋದೆ, ಅಲ್ಲಿ ಯಾರಿದ್ದರು, ಇಷ್ಟು ಹೊತ್ತು ಯಾಕಾಯಿತು ಎಂದು ಕೇಳಿಯೇ ಕಾಫಿಯ ಲೋಟಕ್ಕೆ ಕೈ ಹಾಕುತ್ತಿದ್ದ. ಅನುಮಾನ ಏನಿಲ್ಲ, ಅಭ್ಯಾಸ ಅಷ್ಟೇ ಅನ್ನುತ್ತಿದ್ದ. ಅವಳೂ ಈಚೀಚೆಗೆ ಚಪ್ಪಲಿ ಬಿಡುವಾಗಲೇ ಉತ್ತರ ಹೇಳಿಕೊಂಡು ಒಳಗೆ ಬರುವುದನ್ನು ಕಲಿತಿದ್ದಳು.

ಇಂಥವನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಕುದುರೆ ಸವಾರಿಯ ಹುಚ್ಚು ಹಿಡಿಯಿತು. ಅವನ ತಾತ ಪುಟ್ಟಬಸವಯ್ಯ ತಮ್ಮ ಊರು ಹೆಡತಲೆಯಿಂದ ಸಂತೆಗೆ ಕುದುರೆಯ ಮೇಲೆ ಹೋಗಿಬರುತ್ತಿದ್ದರಂತೆ. ಆ ಕುದುರೆಯನ್ನು ಮನೆಯಲ್ಲಿ ಈಗ ಇರುವವರು ಯಾರೂ ಕಂಡವರಲ್ಲ, ಆದರೂ ಪ್ರತಿ ಹಬ್ಬದಲ್ಲೂ ಅದರ ಮಾತು ಬರುತ್ತಿತ್ತು. ಒಂದೇ ಒಂದು ಸಲ, ಹಗಲು ಹೊತ್ತಿನಲ್ಲಿ, ಜನ ನೋಡುತ್ತಿರುವಾಗ, ತನ್ನದೇ ಕುದುರೆಯ ಮೇಲೆ ಕೂತು ಹೆಡತಲೆಯ ಬೀದಿಯಲ್ಲಿ ಹಳೆಯ ಮನೆಯವರೆಗೆ ಹೋಗಬೇಕು. ಗಂಗಾಧರಸ್ವಾಮಿಗೆ ಬೇಕಾಗಿದ್ದುದು ಇಷ್ಟೇ. ಬಾಡಿಗೆ ಕುದುರೆಯ ಮೇಲೆ ಹೋದರೆ ಮದುವೆ ಗಂಡು ಅಂದುಕೊಂಡಾರು; ಅದು ಬೇಡ.

ಟಿ. ನರಸೀಪುರದ ರಸ್ತೆಯಲ್ಲಿ, ನಾಲೆಯ ಸೇತುವೆ ದಾಟಿದ ಮೇಲೆ ಸಿಗುವ ತೆಂಗಿನ ತೋಟದಲ್ಲಿ ಬೆಟ್ಟಯ್ಯ ಸವಾರಿ ಕಲಿಸುತ್ತಿದ್ದ. ಪೊಲೀಸಿನ ಅಶ್ವದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಮನುಷ್ಯ. ಐದು ಕುದುರೆ, ಒಂದು ಲಾಯ, ಬಿದಿರಿನ ಬೇಲಿ ಹಾಕಿದ ಒಂದು ಅಂಗಳ, ಗೇಟಿನಾಚೆ ನಾಲೆಯ ಏರಿ. ಗಂಗಾಧರಸ್ವಾಮಿ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಅಲ್ಲಿಗೆ ಹೋಗತೊಡಗಿದ. ಅವಳನ್ನು ಕರೆದೊಯ್ದದ್ದು ಪ್ರೀತಿಗೆ ಎಂದು ಬೆಟ್ಟಯ್ಯ ತಿಳಿದುಕೊಂಡ. ಮಾತುಕತೆಗೆ ಒಂದು ಸಾಕ್ಷಿ ಇರಲಿ ಎಂದು ಕರೆದೊಯ್ದದ್ದು ಎನ್ನುವುದು ಮಧುಶ್ರೀಗೆ ಮಾತ್ರ ಗೊತ್ತಿತ್ತು.

ಮೊದಲ ವಾರ ಬೆಟ್ಟಯ್ಯ ಅವನನ್ನು ಗೌರಿ ಎಂಬ ಮುದಿ ಹೆಣ್ಣು ಕುದುರೆಯ ಮೇಲೆ ಕೂರಿಸಿದ. ಗೌರಿ ಹೇಳಿದಷ್ಟು ನಡೆಯಿತು, ಹೇಳಿದಲ್ಲಿ ನಿಂತಿತು. ಸ್ವಾಮಿಗೆ ತಾನು ಹುಟ್ಟಾ ಸವಾರ ಅನ್ನಿಸಿತು. ಎರಡನೆಯ ವಾರ ಪಾಪಣ್ಣನನ್ನು ಕೊಟ್ಟ. ಅದು ಅರ್ಧ ಗಂಟೆ ಬೇಲಿಯ ಪಕ್ಕದ ಹುಲ್ಲು ಮೇಯಿತು. ಮೂರನೆಯ ವಾರ ಸುಲ್ತಾನ, ಅದು ಓಡಿತು. ನಾಲ್ಕನೆಯ ವಾರ ಮಲ್ಲಿಗೆ, ಬಿದ್ದ ತೆಂಗಿನ ಗರಿ ಕಂಡರೂ ಬೆದರಿ ಪಕ್ಕಕ್ಕೆ ಹಾರುವ ಜಾತಿ. ಅಲ್ಲಿಗೆ ಸ್ವಾಮಿಯ ತಲೆಗೆ ಹುಳ ಹೊಕ್ಕಿತು. ಮೊದಲ ದಿನ ಒಳ್ಳೆಯ ಮಾದರಿ ತೋರಿಸಿ ಆಮೇಲೆ ಕಳಪೆ ಸರಕು ತುಂಬುವವರನ್ನು ಅವನು ಮಂಡಿಯಲ್ಲಿ ದಿನಾ ನೋಡುತ್ತಿದ್ದ.

"ನನ್ಗೆ ಗೌರಿನೇ ಕೊಡಿ ಬೆಟ್ಟಯ್ಯನವ್ರೇ, ವಾರಕ್ಕೊಂದು ಯಾಕ ಬದಲಾಯಿಸ್ತೀರಿ" ಎಂದು ನೇರವಾಗಿ ಕೇಳಿದ.

"ಪಾಪಣ್ಣ ಮೊಂಡ ಕಣ್ಸಾ, ಅವುನ್ ಮ್ಯಾಲೆ ಕುಂತ್ರೆ ಕಾಲು ಬಳ್ಸದು ಕಲೀತೀರಿ. ಸುಲ್ತಾನ ಓಡ್ತಾನ, ಅಲ್ಲಿ ಕುಂತ್ಕಳದು ಕಲೀತೀರಿ. ಮಲ್ಲಿಗೆ ಬೆದರ್ತದ, ಅಲ್ಲಿ ದೈರ್ಯ" ಎಂದ ಬೆಟ್ಟಯ್ಯ. "ಒಂದೇ ಕುದ್ರ ಮ್ಯಾಲೆ ಕುಂತ್ರೆ ಅದು ನಿಮ್ಮುನ್ನ ಕಲ್ತ್ಕಂಡ್ಬುಡ್ತದ. ನೀವು ಏನೂ ಕಲ್ಯಲ್ಲ."

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದ ಮಾತು ಕೇಳಿದಾಗಲೆಲ್ಲ ಸ್ವಾಮಿಗೆ ಜೇಬು ಮುಟ್ಟಿ ನೋಡಿಕೊಳ್ಳುವಂತಾಗುತ್ತಿತ್ತು. ಇನ್ನೂ ಒಂದು ಕಾರಣವಿತ್ತು. ಹೆಡತಲೆಯ ಅವರ ಮನೆಯಲ್ಲಿ ಎತ್ತುಗಳಿಗೊಂದು ಕಟ್ಟುಪಾಡಿತ್ತು: ಒಂದು ಜೋಡಿಗೆ ಒಂದೇ ಕೈ. ಕಟ್ಟುವವನು, ಬಿಚ್ಚುವವನು, ಹೂಡುವವನು ಎಲ್ಲ ಒಬ್ಬನೇ. ಬೀಗರು ಬಂದು ಕೇಳಿದರೂ ಒಂದು ದಿನದ ಮಟ್ಟಿಗೆ ಎರವಲು ಕೊಡುತ್ತಿರಲಿಲ್ಲ. ಕೈ ಬದಲಾಯಿತೋ, ಆ ಎತ್ತು ಕೆಟ್ಟಿತು ಎಂದೇ ಅರ್ಥ. ಇಲ್ಲಿ ನೋಡಿದರೆ ಬೆಳಿಗ್ಗೆ ಒಬ್ಬ ಹತ್ತಿಳಿದ ಕುದುರೆಯನ್ನು ಹತ್ತು ಗಂಟೆಗೆ ಇನ್ನೊಬ್ಬ ಹತ್ತುತ್ತಿದ್ದ. ಇಂಥ ಪ್ರಾಣಿಗಳಿಂದ ಕಲಿಯುವುದೇನು, ತನ್ನದೇ ಒಂದು ಇದ್ದರೆ ತಾನಾಗಿಯೇ ಕಲಿತೇನು ಎಂದು ಅವನು ತೀರ್ಮಾನಿಸಿಬಿಟ್ಟ. ಎತ್ತಿಗೆ ಆ ಕಟ್ಟುಪಾಡು ಸರಿಯೋ ತಪ್ಪೋ ಉಳುವವರಿಗೆ ಗೊತ್ತು. ಕುದುರೆಗಳಿಗಂತೂ ಅದನ್ನು ಯಾರೂ ತಿಳಿಸಿರಲಿಲ್ಲ.

ನಾಲ್ಕು ತಿಂಗಳು ಹುಡುಕಿದ ಮೇಲೆ ಹೆಮ್ಮಿಗೆಯ ಶಿವಮೂರ್ತಿ ಎಂಬವನು ಸಿಕ್ಕಿದ, ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ಅವನ ಕುದುರೆಯೊಂದು ಹಾಕಿದ ಮರಿ ಈಗ ನಾಲ್ಕು ವರ್ಷದ ಕಂದು ಗಂಡಾಗಿ ನಿಂತಿತ್ತು. "ಮೆರವಣ್ಗೆಗೆ ಆಕಿಲ್ಲ ಸ್ವಾಮ್ಯೋರೇ, ನನ್ನ ಬುಟ್ರೆ ಇನ್ಯಾರೂ ಮುಟ್ಟಿಲ್ಲ. ಒಂದೇ ಕೈ" ಎಂದ ಶಿವಮೂರ್ತಿ. ಸ್ವಾಮಿಯ ಮುಖ ಅರಳಿದ್ದನ್ನು ನೋಡಿ ಆ ಮಾತನ್ನೇ ಇನ್ನೂ ಎರಡು ಸಲ ಹೇಳಿದ.

ಸ್ವಾಮಿ ಪರೀಕ್ಷೆಗೆ ಇಳಿದ. ತಾತ ಎತ್ತು ನೋಡುತ್ತಿದ್ದ ಕ್ರಮದಲ್ಲೇ ನೋಡಿದ: ಬಾಯಿ ಬಿಡಿಸಿ ಹಲ್ಲು ಎಣಿಸಿದ, ಹಣೆಯ ಸುಳಿ ನೋಡಿದ, ಬೆನ್ನಿನ ಮೇಲೆ ಅಂಗೈ ಆಡಿಸಿ ಎತ್ತಿನ ಭುಜದ ಮೇಲೆ ಉಬ್ಬಿರುವ ಹಿಣಿಲಿನ ಹತ್ತಿರ ಇರಬೇಕಾದ ಸುಳಿಗಾಗಿ ಹುಡುಕಿದ. ಕುದುರೆಗೆ ಹಿಣಿಲು ಎಲ್ಲಿಂದ ಬರಬೇಕು. ಆದರೂ ಆ ಜಾಗದಲ್ಲಿ ಕೂದಲು ಸ್ವಲ್ಪ ತಿರುಗಿದ ಹಾಗೆ ಕಂಡಿತು, ಅವನಿಗೆ ಅಷ್ಟೇ ಸಾಕಾಯಿತು. ಜೊತೆಗೆ ಬಂದಿದ್ದ ಬೆಟ್ಟಯ್ಯ ಪಕ್ಕಕ್ಕೆ ಕರೆದ.

"ಕುದ್ರ ಒಳ್ಳೇದೇಯ. ಆದ್ರ ಎಳೇದು, ಏನೂ ಕಲ್ತಿಲ್ಲ. ನೀವೂ ಇನ್ನೂ ಕಲೀತಾ ಇವ್ರಿ. ಗೊತ್ತಿಲ್ದೋರು ಇಬ್ರೂ ಸೇರ್ಕಂಡ್ರೆ ಯಾರು ಯಾರ್ಗ ಯೋಳ್ಕೊಡದು ಸಾ."

ಸ್ವಂತ ಕುದುರೆ ಬಂದರೆ ಇವನ ಪಾಠ ನಿಲ್ಲುತ್ತದಲ್ಲ, ಹೊಟ್ಟೆ ಉರಿ ಇರಬೇಕು ಎಂದುಕೊಂಡ ಸ್ವಾಮಿ ಅಲ್ಲೇ ಮಾತು ಮುಗಿಸಿದ. ಕುದುರೆಗೆ ನಂಜುಂಡ ಎಂದು ಹೆಸರಿಡಬೇಕೆಂದಿದ್ದ; ದೇವರ ಹೆಸರಿಟ್ಟು ಅದರ ಮೇಲೆ ಕೂರುತ್ತೀರಾ ಎಂದು ಮಧುಶ್ರೀ ಕೇಳಿದ್ದಕ್ಕೆ ಮಾಣಿಕ ಎಂದಾಯಿತು. ಪೇಟೆಯ ಮನೆಯಲ್ಲಿ ಕಟ್ಟಲು ಜಾಗವಿರಲಿಲ್ಲ. ಹಾಗಾಗಿ ಮಾಣಿಕ ಬೆಟ್ಟಯ್ಯನ ಲಾಯಕ್ಕೇ ಬಂತು. ಸ್ವಾಮಿ ಒಂದು ಷರತ್ತು ಹಾಕಿದ: ಹುಲ್ಲು ನೀರು ಕೊಡಬಹುದು, ಮೈ ತೊಳೆಯಬಹುದು, ಆದರೆ ಹೊರಗಿನವರು ಒಬ್ಬರೂ ಇದರ ಬೆನ್ನೇರಬಾರದು, ಬೆಟ್ಟಯ್ಯನೂ ಸೇರಿ. ಬೆಟ್ಟಯ್ಯ "ಆಯ್ತು ಬುಡಿ ಸಾ, ನಿಮ್ಮ ಮನೆ ಕುದ್ರ" ಎಂದ.

ಆಮೇಲಿನ ಭಾನುವಾರಗಳು ಸ್ವಾಮಿಯ ಪಾಲಿಗೆ ಹಿಂಸೆಯಾದವು. ಮಾಣಿಕ ಅವನು ಹತ್ತುವ ತನಕ ನಿಲ್ಲುತ್ತಿತ್ತು, ಹತ್ತಿದ ಕೂಡಲೇ ತಲೆ ಎತ್ತಿ ಒದ್ದಾಡುತ್ತಿತ್ತು. ಐದು ಹೆಜ್ಜೆ ಮುಂದೆ, ಮೂರು ಹೆಜ್ಜೆ ಅಡ್ಡ. ಅಂಗಳದ ಗೇಟಿನ ಹತ್ತಿರ ಹೋದರೆ ಕಾಲು ಊರಿ ನಿಂತುಬಿಡುತ್ತಿತ್ತು. ಸ್ವಾಮಿ ಲಗಾಮನ್ನು ಎದೆಯ ತನಕ ಎಳೆದುಕೊಂಡು ಕೂರುತ್ತಿದ್ದ.

"ಕೈ ಸಡ್ಲ ಬುಡಿ ಸಾ."

"ಬಿಟ್ರ ಓಡೋಯ್ತದಲ್ಲ ಬೆಟ್ಟಯ್ಯ."

"ಇಡ್ಕಂಡಿರದ್ಕೇ ಒದ್ದಾಡ್ತಾ ಇರದು. ಗೌರಿ ಬಾಯಿ ಸಾವ್ರ ಕೈ ಕಂಡದ, ನೀವು ಎಳುದ್ರೂ ಸೈಸ್ಕತಿತ್ತು. ಇದು ಎಳೇ ಬಾಯಿ, ಇದ್ಕ ನೀವೊಬ್ರೇ ಗೊತ್ತಿರದು."

ಈ ಮಾತು ಸ್ವಾಮಿಗೆ ಹಿಡಿಸಲಿಲ್ಲ. ಗೌರಿಯ ಮೇಲೆ ತಾನು ಚೆನ್ನಾಗಿ ಕೂತದ್ದು ತನ್ನ ಜಾಣತನ, ಇಲ್ಲಿ ಕೆಟ್ಟದ್ದು ಕುದುರೆಯ ದೋಷ ಎಂದೇ ಅವನ ಲೆಕ್ಕ. ಮೂರು ತಿಂಗಳಾದರೂ ಗೇಟು ದಾಟಲಾಗಲಿಲ್ಲ. ಹೆಡತಲೆಯ ಬೀದಿ ಕನಸಿನಲ್ಲೂ ದೂರ ಸರಿಯತೊಡಗಿತು. ತನ್ನದು ಎಂದು ಆಸೆಪಟ್ಟು ತಂದ ಪ್ರಾಣಿ ತನ್ನನ್ನು ಕಂಡರೆ ಕಿವಿ ಹಿಂದಕ್ಕೆ ಮಡಿಸುತ್ತದಲ್ಲ ಎಂಬ ದುಃಖ ಅವನಿಗೆ ನಿಜವಾಗಿಯೂ ಇತ್ತು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಒಂದು ದಿನ ಮನೆಗೆ ಹೋಗುವ ದಾರಿಯಲ್ಲಿ ಸ್ಕೂಟರಿನ ಹಿಂದಿನಿಂದ ಮಧುಶ್ರೀ, "ನೀವು ಹತ್ತೋ ತಂಕ ಅದು ಚೆನ್ನಾಗೇ ಇರ್ತದ" ಎಂದಳು. "ಅಂದ್ರೆ?" ಎಂದು ಅವನು ಸ್ಕೂಟರ್ ನಿಧಾನ ಮಾಡಿದ. ಅವಳು ಏನಿಲ್ಲ ಎಂದಳು.

ಅಷ್ಟರಲ್ಲಿ ಸ್ವಾಮಿಯ ಕಣ್ಣಿಗೆ ಒಂದೊಂದೇ ಗುರುತು ಬೀಳತೊಡಗಿತು. ಒಂದು ಭಾನುವಾರ ಜೀನಿನ ಮೇಲೆ ಕೂತು ರಿಕಾಪಿನಲ್ಲಿ ಕಾಲಿಟ್ಟರೆ ಮೊಣಕಾಲು ಎದೆಗೆ ಬಂತು. ರಿಕಾಪಿನ ಪಟ್ಟಿಯನ್ನು ಯಾರೋ ಎರಡು ತೂತು ಮೇಲಕ್ಕೆ ಹಾಕಿದ್ದರು. ತನಗಿಂತ ಕುಳ್ಳಗಿರುವ ಯಾರೋ ಇದರ ಮೇಲೆ ಕೂತಿದ್ದಾರೆ. ಬೆಟ್ಟಯ್ಯನನ್ನು ಕೇಳಲಿಲ್ಲ, ಕೇಳಿದರೆ ಕಳ್ಳ ಎಚ್ಚರಗೊಳ್ಳುತ್ತಾನೆ. ಹೊಟ್ಟೆಯ ಅಡಿ ಬಗ್ಗಿ ನೋಡಿದ. ಅಲ್ಲಿ ಬೆವರು ಒಣಗಿ ಉಪ್ಪಿನ ಗೆರೆ ಹಿಡಿದಿತ್ತು. ಆ ದಿನ ಪಾಠ ಮುಗಿಸಿ ಜೀನನ್ನು ತೂಗುಹಾಕುವಾಗ ಹೊಟ್ಟೆಪಟ್ಟಿಯ ಬಕ್ಕಲ್ಲಿಗೆ ದಾರ ಸುತ್ತಿ, ಮಂಡಿಯ ಮೂಟೆಗೆ ಹಾಕುವ ತನ್ನ ಗಂಟನ್ನೇ ಹಾಕಿ ಬಂದ. ಮುಂದಿನ ಭಾನುವಾರ ನೋಡಿದರೆ ದಾರವೇನೋ ಇತ್ತು, ಗಂಟು ಬೇರೆಯಾಗಿತ್ತು.

ಸ್ವಾಮಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ರೀತಿಯ ಸಮಾಧಾನವೇ ಆಯಿತು ಅನ್ನಬೇಕು. ಮಾಣಿಕ ಕೆಟ್ಟಿರುವುದು ತನ್ನಿಂದಲ್ಲ. ಬೆಟ್ಟಯ್ಯ ವಾರವೆಲ್ಲ ತನ್ನ ಶಿಷ್ಯರನ್ನು ಅದರ ಮೇಲೆ ಹತ್ತಿಸಿ ಕೈ ಬದಲಿಸಿ ಕೆಡಿಸುತ್ತಿದ್ದಾನೆ, ಭಾನುವಾರ ಉಳಿದದ್ದನ್ನು ತನಗೆ ಕೊಡುತ್ತಿದ್ದಾನೆ. ಮನೆಗೆ ಬಂದು ಮಧುಶ್ರೀಗೆ ಎಲ್ಲವನ್ನೂ ವಿವರಿಸಿದ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೇಳಿದಳು.

"ಯಾರು ಕೂತ್ರೇನು, ಕುದುರೆ ಚೆನ್ನಾಗಾದ್ರೆ ಸಾಕಲ್ವ" ಎಂದಳು.

"ನಿನಗೇನು ಗೊತ್ತು. ಅವನ್ನ ಸುಮ್ನೆ ಬಿಡಲ್ಲ ನಾನು. ಕಣ್ಣಾರೆ ಕಂಡು, ವಿಡಿಯೋ ಮಾಡಿ, ಆಮೇಲೆ ಮಾತು."

ಅವಳ ಕೈ ಸೊಪ್ಪಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಯಾವತ್ತು ಹೋಗುತ್ತೀರಿ ಎಂದು ಕೇಳಿದಳು. ಅದನ್ನೆಲ್ಲ ಮುಂಚೆ ಹೇಳುವ ಜಾತಿಯವನೇ ಸ್ವಾಮಿ? ನೋಡೋಣ ಎಂದು ಎದ್ದುಹೋದ.

ಗುರುವಾರ ಅವನು ಖರೀದಿಗೆ ಚಾಮರಾಜನಗರಕ್ಕೆ ಹೋಗುವ ದಿನ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು ಎನ್ನುವುದು ಬೆಟ್ಟಯ್ಯನಿಗೂ ಗೊತ್ತಿತ್ತು. ಮೂರು ಗುರುವಾರ ಸುಮ್ಮನಿದ್ದ. ನಾಲ್ಕನೆಯ ಗುರುವಾರ ಎಂದಿನಂತೆ ಮನೆ ಬಿಟ್ಟವನು ಚಾಮರಾಜನಗರದ ರಸ್ತೆಯಲ್ಲಿ ಒಂದು ಹೋಟೆಲಿನಲ್ಲಿ ಕೂತು ಎರಡು ಲೋಟ ಟೀ ಕುಡಿದು, ಹತ್ತು ಗಂಟೆ ಆಗುವುದನ್ನು ಕಾದು ನರಸೀಪುರದ ಕಡೆಗೆ ಸ್ಕೂಟರ್ ತಿರುಗಿಸಿದ. ಸದ್ದು ಕೇಳಬಾರದೆಂದು ನಾಲೆಯ ಸೇತುವೆಯ ಹತ್ತಿರವೇ ಗಾಡಿ ನಿಲ್ಲಿಸಿ, ಗದ್ದೆಯ ಬದುವಿನ ಮೇಲೆ ನಡೆದು, ಲಾಯದ ಪಕ್ಕದ ಹುಲ್ಲಿನ ಮೆದೆಯ ಹಿಂದೆ ನಿಂತ. ಬಿಳಿ ಪಂಚೆಗೆಲ್ಲ ಕೆಸರು. ಫೋನು ತೆಗೆದು ಸಿದ್ಧ ಮಾಡಿಕೊಂಡ.

ಮಾಣಿಕ ಅಂಗಳದಲ್ಲಿತ್ತು. ಮೇಲೆ ಚೂಡಿದಾರ ತೊಟ್ಟ ಒಬ್ಬ ಹೆಂಗಸು, ತಲೆಗೆ ಮುಖ ಮರೆಯಾಗುವ ಹಾಗೆ ಬೆಟ್ಟಯ್ಯನ ಹಳೆಯ ಟೋಪಿ, ಬೆನ್ನು ಈ ಕಡೆಗೆ. ಬೆಟ್ಟಯ್ಯ ನಡುವೆ ಕೈ ಕಟ್ಟಿ ನಿಂತಿದ್ದ. ಸಿಕ್ಕಿಬಿದ್ದೆಯಾ ಮಗನೇ ಎಂದು ಸ್ವಾಮಿ ಹಲ್ಲು ಕಚ್ಚಿದ. ವಿಡಿಯೋ ಒತ್ತಿದ.

ಫೋನಿನ ಪರದೆಯಲ್ಲಿ ನೋಡುತ್ತಿದ್ದವನು ಸ್ವಲ್ಪ ಹೊತ್ತಿಗೆ ಫೋನನ್ನು ಕೆಳಗಿಳಿಸಿ ಬರಿಗಣ್ಣಿನಲ್ಲಿ ನೋಡತೊಡಗಿದ. ಲಗಾಮು ಜೋತುಬಿದ್ದಿತ್ತು. ಮಾಣಿಕ ಕತ್ತು ಚಾಚಿ, ತಲೆ ಇಳಿಬಿಟ್ಟು, ಉದ್ದುದ್ದ ಹೆಜ್ಜೆ ಹಾಕುತ್ತಿತ್ತು. ಒಂದು ಸುತ್ತು, ಎರಡು ಸುತ್ತು. ನೆಲಕ್ಕೆ ಹಾಕಿದ್ದ ಬೊಂಬುಗಳನ್ನು ಒಂದೂ ತಾಕದೆ ದಾಟಿತು. ಬೆಟ್ಟಯ್ಯ ಏನೋ ಅಂದ. ಹೆಂಗಸು ಕುದುರೆಯನ್ನು ಗೇಟಿನ ಕಡೆಗೆ ತಿರುಗಿಸಿದಳು. ಸ್ವಾಮಿ ಉಸಿರು ಹಿಡಿದ. ಇಲ್ಲಿ ನಿಲ್ಲುತ್ತದೆ, ಕಾಲೂರುತ್ತದೆ ಎಂದು ಅವನ ಕೈಗಳು ತಮ್ಮಷ್ಟಕ್ಕೇ ಬಿಗಿಯಾದವು. ಮಾಣಿಕ ನಿಲ್ಲಲಿಲ್ಲ. ಗೇಟು ದಾಟಿ, ನಾಲೆಯ ಏರಿಯ ಮೇಲೆ ಬಿಸಿಲಿನಲ್ಲಿ ಅಷ್ಟು ದೂರ ಹೋಗಿ, ನೀರು ಹರಿಯುವುದನ್ನು ನೋಡಿ, ತಿರುಗಿ ಬಂತು. ತನ್ನ ಕುದುರೆ ಇಷ್ಟು ಚೆಂದ ಎನ್ನುವುದು ಸ್ವಾಮಿಗೆ ಅವತ್ತೇ ಗೊತ್ತಾದದ್ದು. ಕಣ್ಣು ತುಂಬಿ ಬಂತು. ಕಳ್ಳತನ ಹಿಡಿಯಲು ಬಂದವನಿಗೆ ಇದೇನು ಅವಸ್ಥೆ ಎಂದು ಅವನಿಗೇ ನಾಚಿಕೆಯಾಯಿತು.

ಆಗ ಆ ಹೆಂಗಸು ನಕ್ಕಳು. ಕುದುರೆಯ ಕತ್ತು ತಟ್ಟಿ, ಜೋರಾಗಿ, ಬಾಯಿ ತುಂಬ ನಕ್ಕಳು. ಆ ನಗು ಯಾರದೆಂದು ಸ್ವಾಮಿಗೆ ಒಂದು ಕ್ಷಣ ತಿಳಿಯಲೇ ಇಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದ ನಗು ಅದು. ಎಷ್ಟು ವರ್ಷವಾಯಿತೋ.

ಅವನು ಮೆದೆಯ ಹಿಂದಿನಿಂದ ಹೊರಗೆ ಬಂದು "ಮಧು" ಎಂದ. ಗದರಿಸಬೇಕೆಂದು ಕರೆದದ್ದಲ್ಲ, ದನಿ ತನ್ನಷ್ಟಕ್ಕೇ ಹಾಗೆ ಬಂತು.

ಮಾಣಿಕ ತಲೆಯನ್ನು ಮೇಲಕ್ಕೆ ಎಸೆಯಿತು. ಕಿವಿ ಹಿಂದಕ್ಕೆ ಹೋದವು, ಬೆನ್ನು ಬಿಗಿಯಿತು, ನಾಲ್ಕು ಕಾಲೂ ನೆಲಕ್ಕೆ ನೆಟ್ಟವು. ಅದರ ಮೇಲೆ ಕೂತಿದ್ದ ಮಧುಶ್ರೀಯ ಹೆಗಲುಗಳು ಕಿವಿಯವರೆಗೆ ಏರಿದವು, ಮೊಣಕೈ ಪಕ್ಕೆಗೆ ಅಂಟಿಕೊಂಡಿತು, ಮುಖದ ನಗು ಎಲ್ಲಿಗೋ ಹೋಯಿತು. ಇಬ್ಬರೂ ಅವನನ್ನು ಒಂದೇ ರೀತಿ ನೋಡುತ್ತಿದ್ದರು. ಕುದುರೆಯ ಆ ನೋಟ ಅವನಿಗೆ ತಿಂಗಳುಗಳಿಂದ ಗೊತ್ತಿತ್ತು. ಹೆಂಡತಿಯದು ಎಷ್ಟು ಕಾಲದಿಂದ ಹಾಗಿತ್ತೋ, ಅವನು ನೋಡಿಯೇ ಇರಲಿಲ್ಲ.

ಬೆಟ್ಟಯ್ಯ ಓಡಿಬರಲಿಲ್ಲ, ಅಂಜಲೂ ಇಲ್ಲ. ನಿಧಾನವಾಗಿ ನಡೆದು ಬಂದ.

"ನೀವು ಒರಗ್ನೋರು ಅತ್ಬಾರ್ದು ಅಂದ್ರಿ ಸಾ, ನಾನು ಅತ್ತಿಲ್ಲ. ಕುದ್ರ ಆರು ದಿನ ಕಟ್ಟಾಕಿ ಉಚ್ಚಾಗ್ತಾ ಇತ್ತು. ಅಮ್ಮಾವ್ರು ಎಂಟು ತಿಂಗ್ಳಿಂದ ಗುರ್ವಾರ ಬತ್ತಾ ಅವ್ರ. ಪಾಪಣ್ಣ, ಸುಲ್ತಾನ, ಮಲ್ಲಿಗೆ, ಎಲ್ಲಾದ್ರ ಮ್ಯಾಲೂ ಬಿದ್ದು ಎದ್ದು ಕಲ್ತವ್ರ. ಆಮ್ಯಾಕೆ ಇದ್ರ ಮ್ಯಾಲೆ ಕುಂಡ್ರುಸ್ದಿ. ನಿಮ್ಮನೆ ಕೈಯೇ ಅಲ್ವ."

ಮಾಣಿಕ ಬರುವ ಮೊದಲಿನಿಂದಲೂ ಇವಳು ಬರುತ್ತಿದ್ದಾಳೆ. ಪ್ರತಿ ಭಾನುವಾರ ಬೆಂಚಿನ ಮೇಲೆ ಕೂತು ತಾನು ಲಗಾಮು ಜಗ್ಗುವುದನ್ನು ನೋಡುತ್ತಿದ್ದಾಳೆ, ಎಲ್ಲ ತಿಳಿದೂ ಏನಿಲ್ಲ ಎನ್ನುತ್ತಿದ್ದಾಳೆ. ಸ್ವಾಮಿಗೆ ಕೇಳಬೇಕಾದದ್ದು ಒಂದೇ ಇತ್ತು, ನನಗ್ಯಾಕೆ ಹೇಳಲಿಲ್ಲ ಎಂದು. ಅದರ ಉತ್ತರ ಎದುರಿಗೇ ಕುದುರೆಯ ಮೇಲೆ ಹೆಗಲು ಮುದುರಿ ಕೂತಿತ್ತು.

"ಇಳೀಬೇಡ" ಎಂದ. "ಇನ್ನೊಂದು ಸುತ್ತು ಹೋಗು."

ಅಷ್ಟರಲ್ಲಿ ಅವಳು ಇಳಿದಾಗಿತ್ತು. ಟೋಪಿ ತೆಗೆದು, ಕೂದಲು ಸರಿಮಾಡಿಕೊಂಡು, ಲಗಾಮನ್ನು ಅವನ ಕೈಗೆ ಕೊಟ್ಟಳು. ಆಮೇಲೆ, ಅವನು ಬಾಯಿ ತೆರೆಯುವ ಮೊದಲೇ, ಒಂದೇ ಉಸಿರಿಗೆ ಹೇಳತೊಡಗಿದಳು.

"ಒಂಬತ್ತೂ ಇಪ್ಪತ್ತರ ಬಸ್ಸಿಗೆ ಬಂದೆ. ಬಸ್‌ ಸ್ಟ್ಯಾಂಡ್ ತಂಕ ಎದುರುಮನೆ ಚನ್ನಾಜಮ್ಮನೋರು ಜೊತೇಲಿದ್ರು. ಸೇತುವೆ ಹತ್ರ ಇಳ್ದು ನೇರ ಇಲ್ಲಿಗೇ ಬಂದಿರೋದು. ಹನ್ನೊಂದೂವರೆ ಬಸ್ಸಿಗೆ ವಾಪಸ್ ಹೋಗ್ತೀನಿ. ನಡುವೆ ಎಲ್ಲೂ ಹೋಗಲ್ಲ."

ಬೇಲಿಗೆ ತೂಗುಹಾಕಿದ್ದ ಚೀಲಕ್ಕೆ ಕೈ ಹಾಕಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಸಣ್ಣ ಕಟ್ಟು ತೆಗೆದಳು. ಹೆಂಗಸರಿಗೆ ಬಸ್ಸಿನಲ್ಲಿ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟುಗಳು. ಹೋಗುವಾಗಿನದು, ಬರುವಾಗಿನದು, ಎಂಟು ತಿಂಗಳ ಗುರುವಾರಗಳದು.

"ಒಂದೂ ಬಿಸಾಕಿಲ್ಲ. ತಾರೀಕು, ಟೈಮು ಎಲ್ಲ ಇದೆ. ಯಾವತ್ತಾದ್ರೂ ನೀವು ಕೇಳ್ತೀರಿ ಅಂತ ಇಟ್ಟಿದ್ದೆ."

ಗಂಗಾಧರಸ್ವಾಮಿಯ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಟಿಕೆಟ್ಟಿನ ಕಟ್ಟು. ನಾನು ಕೇಳುತ್ತಿರಲಿಲ್ಲ ಮಧು ಎಂದು ಹೇಳಬೇಕೆನ್ನಿಸಿತು. ಅದು ಸುಳ್ಳಾಗುತ್ತಿತ್ತು, ಅವಳಿಗೂ ಅದು ಗೊತ್ತಿತ್ತು. ಬೆಟ್ಟಯ್ಯ ಬಕೆಟ್ಟು ಎತ್ತಿಕೊಂಡು ಲಾಯದ ಕಡೆಗೆ ಹೊರಟುಹೋದ. ಇದನ್ನು ನೋಡದೆ ಹಾಗೇ ಅವಳ ಕೈಗೆ ವಾಪಸ್ ಕೊಡಬೇಕು, ಈಗಲೇ ಕೊಡಬೇಕು ಎಂದು ಅವನು ಗಟ್ಟಿ ಮನಸ್ಸು ಮಾಡಿದ. ಅಷ್ಟರಲ್ಲಿ ಅವನ ಕಣ್ಣು ಮೇಲಿನ ಟಿಕೆಟ್ಟಿನ ತಾರೀಕಿಗೆ ಹೋಗಿಬಿಟ್ಟಿತ್ತು. ಮಧುಶ್ರೀ ಅದನ್ನು ನೋಡುತ್ತಾ ನಿಂತಿದ್ದಳು.